ಮಗುವಿನ ಪಾಲಿಗೆ ನಮ್ಮ ಸಹಿ ಸಾಲದು



ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಅದೆಷ್ಟೋ ಮನೆಗಳ ಆಸರೆಯನ್ನು ಕಸಿದುಕೊಂಡಿದೆ. ಅಂತಹ ಮನೆಯಲ್ಲಿ ಕಣ್ಣೀರು ಆರುವ ಮುನ್ನವೇ ರಾಜಿಯ ಮಾತು ಬರುತ್ತದೆ. ‘ಕೋರ್ಟು ಕಚೇರಿ ಯಾಕೆ, ಸಿಕ್ಕಿದ್ದನ್ನು ತೆಗೆದುಕೊಂಡು ಮುಗಿಸಿ’ ಎಂಬ ಹಿತವಚನವೂ ಬರುತ್ತದೆ. ರಾಜಿ ಒಳ್ಳೆಯದೇ. ಆದರೆ ಆ ಮೊತ್ತದಲ್ಲಿ ತೊಟ್ಟಿಲ ಕೂಸಿಗೂ ಪಾಲಿದೆ ಎಂಬುದನ್ನು ನಾವು ಮರೆಯುತ್ತೇವೆ.

ಕಾನೂನು ಮರೆತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮದಂತೆ, ದಾವೆಯಲ್ಲಿ ಅಪ್ರಾಪ್ತರ ಪರವಾಗಿ ನಿಂತವರು ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ. ಅನುಮತಿ ಕೋರುವವರು ಅಫಿಡವಿಟ್ ಸಲ್ಲಿಸಬೇಕು. ಮಗುವಿನ ಪರ ವಕೀಲರಿದ್ದರೆ, ಈ ರಾಜಿ ಮಗುವಿಗೆ ಹಿತಕರವೆಂದು ಅವರು ದೃಢೀಕರಿಸಬೇಕು. ಅಷ್ಟಾದರೂ ನ್ಯಾಯಾಧೀಶರು ಸ್ವತಃ ಪರಿಶೀಲಿಸುತ್ತಾರೆ. ಅನುಮತಿಯಿಲ್ಲದ ರಾಜಿಯನ್ನು ಮಗುವಿನ ಪರವಾಗಿ ರದ್ದುಪಡಿಸಬಹುದು. ಎದುರು ಪಕ್ಷಕ್ಕೆ ಆ ಅವಕಾಶವಿಲ್ಲ.

ಹಣದ ರಕ್ಷಣೆಗೂ ದಾರಿಯಿದೆ. ಕೇರಳದ ಸಾರಿಗೆ ನಿಗಮದ ಅಪಘಾತ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಅಪ್ರಾಪ್ತರ ಪರಿಹಾರವನ್ನು ಅವರು ಪ್ರೌಢರಾಗುವವರೆಗೆ ದೀರ್ಘಾವಧಿ ಠೇವಣಿಯಲ್ಲಿಡಬೇಕೆಂದು ಸೂಚಿಸಿತು. ಚಿಕಿತ್ಸೆಗೆ, ಶಿಕ್ಷಣಕ್ಕೆ ಹಣ ಬೇಕಾದರೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಪಡೆಯಬಹುದು.

ಮನೆ, ಜಮೀನಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಪಾಲುಪಟ್ಟಿ ಮಾಡುವಾಗ ವಿಧವೆಯಿಂದ ‘ಮಕ್ಕಳ ಪರವಾಗಿ’ ಸಹಿ ಹಾಕಿಸುವ ರೂಢಿ ನಮ್ಮಲ್ಲಿದೆ. ಮುಸ್ಲಿಂ ತಾಯಿಗೆ ಮಗುವಿನ ಪಾಲನೆಯ ಹಕ್ಕಿದ್ದರೂ, ತಾಯಿಯೆಂಬ ಕಾರಣ ಮಾತ್ರದಿಂದ ಅದರ ಸ್ಥಿರಾಸ್ತಿಯನ್ನು ಪರಭಾರೆ ಮಾಡುವ ಅಧಿಕಾರವಿಲ್ಲವೆಂದು 1918ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಪು ನೀಡಿದೆ. 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ಆಕೆ ನ್ಯಾಯಾಲಯದಿಂದ ನೇಮಕಗೊಳ್ಳಬಹುದು. ಆಗಲೂ ಆ ಆಸ್ತಿಯನ್ನು ಮಾರಲು ಪ್ರತ್ಯೇಕ ಅನುಮತಿ ಬೇಕು.

‘ಹೆತ್ತವಳನ್ನೂ ನಂಬುವುದಿಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಇದು ಅಪನಂಬಿಕೆಯಲ್ಲ. ಅವಸರದಲ್ಲಿ, ಬಂಧುಗಳ ಒತ್ತಡದಲ್ಲಿ ಇರುವ ತಾಯಿಗೂ ಇದು ರಕ್ಷೆ. ಯತೀಮರ ಸೊತ್ತನ್ನು ಮರಳಿಸುವಾಗ ಸಾಕ್ಷಿಗಳಿರಬೇಕೆಂದು ಸೂರಃ ಅನ್ನಿಸಾ ಆದೇಶಿಸುತ್ತದೆ. ಆ ಆದೇಶವನ್ನು ಒಪ್ಪಿದ ನಾವು ನ್ಯಾಯಾಲಯದ ಪರಿಶೀಲನೆಗೆ ಮುಖ ಸಿಂಡರಿಸುವುದೇಕೆ?

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಉಚಿತ ನೆರವಿದೆ. ನಮ್ಮ ಜಮಾಅತ್ ಕಮಿಟಿಗಳು ರಾಜಿಗೆ ಕೂರುವ ಮುನ್ನ ಮೂರು ಪ್ರಶ್ನೆ ಕೇಳಲಿ: ಮಗುವಿನ ಪಾಲೆಷ್ಟು? ನ್ಯಾಯಾಲಯದ ಅನುಮತಿ ಎಲ್ಲಿ? ಹಣ ಯಾರ ಹೆಸರಿನಲ್ಲಿದೆ? ಉತ್ತರ ಸಿಗದಿದ್ದರೆ ಯಾರೂ ಸಹಿ ಹಾಕದಿರಲಿ.