ಮಾದರಿ ವಿಮಾನಕ್ಕೆ ಯಾವ ಮೆರುಗು?
(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನ ದುಡಿಮೆ, ಬ್ಯಾಂಕಿನ ಲೆಕ್ಕ, ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕುಳಿತಿರುವ ನಿಮ್ಮ ಮುಂದೆ ಆಟದ ವಿಮಾನದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ನಾವು ಬಂದು ನೆಲೆಸಿದ ಊರುಗಳೇ ಅಂಥವು. ಕೊಚ್ಚಿಯಲ್ಲಿ 1953ರಿಂದ ನೌಕಾಪಡೆಯ ವಿಮಾನ ನೆಲೆ ಇದೆ. ತಿರುವನಂತಪುರದ ಮಗ್ಗುಲಿನ ತುಂಬಾದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಮೇಲೇರಿತು. ಇಂಥ ಊರುಗಳಲ್ಲಿ ಹುಡುಗರ ಕಣ್ಣು ಆಕಾಶದ ಕಡೆಗೆ ಹೋದರೆ ಆಶ್ಚರ್ಯವಿಲ್ಲ. ಈ ಆಟದಲ್ಲಿ ನಮ್ಮಂಥವರ ಹಣದ ಪ್ರಶ್ನೆಯೂ ಇದೆ, ಉಸಿರಿನ ಪ್ರಶ್ನೆಯೂ ಇದೆ. ಗಾಡಿಗಳಿಗೆ ಬಣ್ಣ ಹೊಡೆದು ಜೀವನ ನಡೆಸುವ ಬಂಧುಗಳು ನಮ್ಮ ನಡುವೆ ಇದ್ದಾರೆ. ಈ ಮಾತಿನ ಕೊನೆಯ ಭಾಗ ಅವರಿಗಾಗಿಯೇ.

ಮೊದಲು ನಮ್ಮ ಅವಿವೇಕದ ಕಥೆಯನ್ನೇ ಹೇಳಿಬಿಡುತ್ತೇವೆ. ನಾವು ನಾಲ್ವರು ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, ಬಾಲ್ಸಾ ಮರದ ಒಂದು ವಿಮಾನ ಕಟ್ಟಿದೆವು. ಅದಕ್ಕೊಂದು ಸಣ್ಣ ಇಂಜಿನನ್ನೂ ಕೊಂಡೆವು. ಬಣ್ಣ ಬಳಿದ ಮೇಲೆ ಹೊಳಪು ಬೇಡವೇ? ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವುದು ಅರಗು. ನಾಡಿನ ಅಭಿಮಾನದಿಂದ ನಾವೂ ಅರಗಿನ ಪಾಲಿಷನ್ನೇ ಮೂರು ಸಲ ಬಳಿದೆವು. ವಿಮಾನ ಕನ್ನಡಿಯಂತೆ ಹೊಳೆಯಿತು. ಮೊದಲ ಭಾನುವಾರ ಹಾರಿಸಿದಾಗಲೇ ಮೂಗಿನ ಭಾಗ ಅಂಟಂಟಾಯಿತು. ಮೂರನೆಯ ಭಾನುವಾರದ ಹೊತ್ತಿಗೆ ಎಣ್ಣೆ ಮರದೊಳಕ್ಕೆ ಇಳಿದು, ಅಂಟು ಬಿಟ್ಟು, ಇಂಜಿನು ಹಲಗೆಯ ಸಮೇತ ಕಿತ್ತು ಬಂತು. ನಾಲ್ಕು ತಿಂಗಳ ಉಳಿತಾಯ ಗದ್ದೆಯ ಕೆಸರಿನಲ್ಲಿ ಕೂತಿತು.

ತಪ್ಪು ಅರಗಿನದಲ್ಲ, ನಮ್ಮದು. ಅರಗು ಕರಗುವುದೇ ಸಾರಾಯಿಯ ಜಾತಿಯ ದ್ರವಗಳಲ್ಲಿ. ನಮ್ಮ ಇಂಜಿನು ಕುಡಿಯುತ್ತಿದ್ದದ್ದು ಮೆಥನಾಲ್ ಬೆರೆತ ಇಂಧನ. ಬೆಲ್ಲದ ಪಾತ್ರೆಯಲ್ಲಿ ಬಿಸಿನೀರು ಇಟ್ಟಂತಾಯಿತು!

ಆದಕಾರಣ ಮೆರುಗು ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ನಮ್ಮ ಇಂಜಿನು ಏನನ್ನು ಕುಡಿಯುತ್ತದೆ ಎಂಬುದು. ಇಂಥ ಇಂಜಿನುಗಳಲ್ಲಿ ಮೂರು ಬಗೆ. ಗ್ಲೋ ಇಂಜಿನಿಗೆ ಮೆಥನಾಲ್, ಹರಳೆಣ್ಣೆ ಅಥವಾ ಅದರ ಬದಲಿನ ಎಣ್ಣೆ, ಜೊತೆಗೆ ಒಮ್ಮೊಮ್ಮೆ ನೈಟ್ರೋಮೀಥೇನ್ ಬೇಕು. ಸಣ್ಣ ಡೀಸೆಲ್ ಇಂಜಿನಿಗೆ ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯ ಮಿಶ್ರಣ. ಪೆಟ್ರೋಲ್ ಇಂಜಿನಿಗೆ ಪೆಟ್ರೋಲಿನಲ್ಲಿ ಬೆರೆಸಿದ ಟೂ ಸ್ಟ್ರೋಕ್ ಎಣ್ಣೆ. ಪೆಟ್ರೋಲಾದರೆ ಚಿಂತೆಯಿಲ್ಲ ಎನ್ನುವಂತಿಲ್ಲ. ಈಗ ನಮ್ಮ ದೇಶದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಅದೂ ಸಾರಾಯಿಯ ಜಾತಿಯದೇ.

ಎರಡನೆಯ ಪ್ರಶ್ನೆ, ಮೆರುಗು ಒಣಗುವುದು ಹೇಗೆ ಎಂಬುದು. ಇಲ್ಲಿ ಅಡಿಗೆಮನೆಯ ಉದಾಹರಣೆ ಸಾಕು. ಬೆಲ್ಲದ ಪಾಕ ಆರಿ ಅಚ್ಚಾಗುತ್ತದೆ. ನೀರು ಬಿದ್ದರೆ ಮತ್ತೆ ಪಾಕವೇ. ಹಿಟ್ಟು ಬೆಂದು ಇಡ್ಲಿಯಾದ ಮೇಲೆ ಎಷ್ಟು ನೀರು ಹಾಕಿದರೂ ಮತ್ತೆ ಹಿಟ್ಟಾಗುವುದಿಲ್ಲ. ಮೆರುಗುಗಳಲ್ಲಿಯೂ ಬೆಲ್ಲದ ಜಾತಿ, ಇಡ್ಲಿಯ ಜಾತಿ ಎಂದು ಎರಡುಂಟು.

ಥಿನ್ನರ್ ಆವಿಯಾಗಿ ಹೋದೊಡನೆ ಗಟ್ಟಿಯಾಗುವುದು ಬೆಲ್ಲದ ಜಾತಿ. ಅರಗು, ನೈಟ್ರೋಸೆಲ್ಯುಲೋಸ್ ಲ್ಯಾಕರ್, ಡಬ್ಬಿಯಿಂದ ಸಿಂಪಡಿಸುವ ಸಾಮಾನ್ಯ ಅಕ್ರಿಲಿಕ್ ಇವೆಲ್ಲ ಈ ಸಾಲಿನವು. ಬಳಿಯಲು ಸುಲಭ, ಬೆಲೆಯೂ ಕಡಿಮೆ. ಆದರೆ ಇಂಧನದ ಮುಂದೆ ಬಹುಪಾಲು ನಿಲ್ಲವು. ಈ ಸಾಲಿನಲ್ಲಿ ಬ್ಯುಟಿರೇಟ್ ಡೋಪ್ ಒಂದು ಸ್ವಲ್ಪ ಧೀರ. ಮೆಥನಾಲನ್ನು ತಡೆಯುತ್ತದೆ, ನೈಟ್ರೋಮೀಥೇನ್ ಹೆಚ್ಚಾದರೆ ಅದೂ ಮೆತ್ತಗಾಗುತ್ತದೆ. ಅಲ್ಲದೆ ಕಾಲಕ್ರಮದಲ್ಲಿ ಬಿಗಿದುಕೊಂಡು ತೆಳು ರೆಕ್ಕೆಗಳನ್ನು ತಿರುಚುವುದೂ ಉಂಟು.

ಎರಡು ಡಬ್ಬಿಗಳಲ್ಲಿ ಬಂದು, ಬೆರೆಸಿದ ಮೇಲೆ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದು ಇಡ್ಲಿಯ ಜಾತಿ. ಇದರಲ್ಲಿ ಎಪಾಕ್ಸಿ ಒಂದು, ಕಾರುಗಳಿಗೆ ಹೊಡೆಯುವ ಎರಡು ಡಬ್ಬಿಯ ಪಾಲಿಯುರೆಥೇನ್ ಇನ್ನೊಂದು. ಸರಿಯಾಗಿ ಬೆರೆಸಿ, ಪೂರ್ತಿ ಗಟ್ಟಿಯಾಗಲು ಬಿಟ್ಟರೆ ಪೆಟ್ರೋಲನ್ನೂ ಮೆಥನಾಲನ್ನೂ ಚೆನ್ನಾಗಿ ತಡೆಯುತ್ತವೆ. ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುತ್ತದೆ, ತೂಕವೂ ಹೆಚ್ಚು. ಪಾಲಿಯುರೆಥೇನಿನ ಹೊಳಪು ಬಹುಕಾಲ ಉಳಿಯುತ್ತದೆ. ಅದರ ದೋಷವನ್ನು ಮುಂದೆ ಹೇಳುತ್ತೇವೆ.

ಇವೆರಡರ ನಡುವೆ ಮರಗೆಲಸದ ಎಣ್ಣೆ ವಾರ್ನಿಷು ಇದೆ. ಗಾಳಿಯನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವ ಇದು ಅರೆಬೆಂದ ಇಡ್ಲಿ. ಕೆಲವು ವಾರ ಆರಿದ ಮೇಲೆ ಪೆಟ್ರೋಲಿನ ಹನಿಯನ್ನು ಕೂಡಲೇ ಒರೆಸಿದರೆ ತಾಳೀತು. ಗ್ಲೋ ಇಂಧನಕ್ಕೆ ತಾಳದು. ದೋಣಿಗೆ ಬಳಿಯುವ ವಾರ್ನಿಷು ಸಮುದ್ರದ ನೀರಿಗೇ ಬಗ್ಗುವುದಿಲ್ಲವಲ್ಲ, ಎಣ್ಣೆಗೆ ಬಗ್ಗೀತೇ ಎಂದು ಇಲ್ಲಿಯ ಗೆಳೆಯರೊಬ್ಬರು ಕೇಳಿದರು. ನೀರನ್ನು ತಡೆದದ್ದು ಇಂಧನವನ್ನೂ ತಡೆಯುತ್ತದೆಂಬುದು ಭ್ರಮೆ. ನೀರಿನ ಗುಣ ಬೇರೆ, ಮೆಥನಾಲಿನ ಗುಣ ಬೇರೆ.

ಇಷ್ಟಾದರೂ ಡಬ್ಬಿಯ ಮೇಲಿನ ಮಾತನ್ನಾಗಲಿ, ನಮ್ಮ ಮಾತನ್ನಾಗಲಿ ನಂಬಿ ವಿಮಾನಕ್ಕೆ ಕೈ ಹಾಕಬೇಡಿ. ಒಂದು ತುಂಡು ಮರಕ್ಕೆ ವಿಮಾನಕ್ಕೆ ಬಳಿಯುವ ಅದೇ ಬಣ್ಣ, ಅದೇ ಮೆರುಗು, ಅದೇ ಕ್ರಮದಲ್ಲಿ ಬಳಿಯಿರಿ. ಒಂದು ವಾರ ಬಿಡಿ. ನಂತರ ನಿಮ್ಮ ಇಂಜಿನಿನ ಇಂಧನದಲ್ಲಿ ಅದ್ದಿದ ಹತ್ತಿಯನ್ನು ಅದರ ಮೇಲಿಟ್ಟು, ಆವಿಯಾಗದಂತೆ ಒಂದು ಲೋಹದ ಮುಚ್ಚಳ ಬೋರಲು ಹಾಕಿ, ಕಾಲು ಗಂಟೆ ಕಾಯಿರಿ. ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ, ಉಗುರು ಒತ್ತಿದಾಗ ಗುರುತು ಬಿದ್ದರೆ, ಆ ಮೆರುಗು ಬೇಡ. ಮೇಲಿನ ಮೆರುಗು ಕೆಳಗಿನ ಬಣ್ಣವನ್ನು ಸುಕ್ಕುಗಟ್ಟಿಸುವುದೇ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ. ಈ ತುಂಡು ಮರವನ್ನು ನಾವು ಮೊದಲೇ ಕೇಳಿದ್ದರೆ ನಾಲ್ಕು ತಿಂಗಳ ಹಣ ಉಳಿಯುತ್ತಿತ್ತು.

ಇನ್ನು ಈ ನಾಡಿನ ಮಳೆಗಾಲ. ಜೂನಿನಿಂದ ಹಿಡಿದ ಮಳೆ ಬಿಟ್ಟಿತೆನ್ನುವಷ್ಟರಲ್ಲಿ ತುಲಾವರ್ಷ ಬರುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಲ್ಯಾಕರು ಹಾಲಿನಂತೆ ಬಿಳಿಚುತ್ತದೆ. ಪಾಲಿಯುರೆಥೇನಿನ ಹಾರ್ಡನರ್ ನೀರಿನೊಡನೆ ಸೇರಿ ಅನಿಲ ಬಿಡುವುದರಿಂದ ಗುಳ್ಳೆಗಳೇಳುತ್ತವೆ. ಮುಚ್ಚಳ ತೆರೆದಿಟ್ಟ ಡಬ್ಬಿಯೂ ಕೆಡುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ದಿನಗಳನ್ನು ಈ ಕೆಲಸಕ್ಕೆ ಮೀಸಲಿಡುವುದು ಲೇಸು.

ಈಗ ಉಸಿರಿನ ಮಾತು. ಮೊದಲ ಮಹಾಯುದ್ಧದ ಆರಂಭದಲ್ಲಿ, 1914ರ ಸುಮಾರಿಗೆ, ವಿಮಾನದ ರೆಕ್ಕೆಗಳಿಗೆ ಬಟ್ಟೆ ಹೊದಿಸಿ ಅದು ಬಿಗಿಯಾಗಲೆಂದು ಡೋಪ್ ಬಳಿಯುತ್ತಿದ್ದರು. ಆಗಿನ ಕೆಲವು ಡೋಪುಗಳಲ್ಲಿ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕವಿತ್ತು. ಜರ್ಮನಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅದನ್ನು ಬಳಿದ ಕೆಲಸಗಾರರಿಗೆ, ಅವರಲ್ಲಿ ಹೆಂಗಸರಿಗೂ, ಯಕೃತ್ತು ಕೆಟ್ಟು ಕಾಮಾಲೆ ಬಂತು. ಕೆಲವರು ಸತ್ತೇ ಹೋದರು. ಆಮೇಲೆ ಆ ದ್ರಾವಕವನ್ನು ಕೈಬಿಟ್ಟರು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಪುಷ್ಪಕ್ 1958ರಲ್ಲಿ ಬಟ್ಟೆಯ ಹೊದಿಕೆಯಲ್ಲಿಯೇ ಹಾರಿತು. ವಿದ್ಯೆ ಉಳಿಯಿತು, ಆ ವಿಷ ಹೋಯಿತು. ಆದರೆ ಮೊದಲು ಜೀವ ತೆತ್ತವರು ಬಳಿಯುವ ಕೈಯವರು.

ಇಂದಿನ ಎರಡು ಡಬ್ಬಿಯ ಪಾಲಿಯುರೆಥೇನಿನ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಅದರ ಮಂಜು ಉಸಿರಿಗೆ ಹೋದರೆ ಕೆಲವರಿಗೆ ಉಬ್ಬಸ ಹತ್ತುತ್ತದೆ. ಒಮ್ಮೆ ಹತ್ತಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣ ತಗುಲಿದರೂ ಉಸಿರು ಕಟ್ಟುತ್ತದೆ. ಆ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ತರುವ ಮುಖವಾಡ, ಗಾಳಿ ಹೊರದೂಡುವ ಕೋಣೆ, ಇವೇ ತಕ್ಕ ರಕ್ಷಣೆ. ಬಣ್ಣದ ಕೆಲಸದ ಬಂಧುಗಳೇ, ರಾತ್ರಿ ಕೆಮ್ಮು, ಎದೆ ಬಿಗಿತ ಬಂದರೆ ಚಳಿಯೆಂದು ಸುಮ್ಮನಿರಬೇಡಿ. ವೈದ್ಯರ ಹತ್ತಿರ ಹೋಗಿ, ನೀವು ಹೊಡೆಯುವ ಬಣ್ಣ ಯಾವುದೆಂದು ಹೇಳಿ. ಧಣಿಯ ಬಳಿ ಮುಖವಾಡ ಕೇಳುವುದು ನಾಚಿಕೆಯ ಸಂಗತಿಯಲ್ಲ.

ಹಾಗಾದರೆ ಬಾಡಿಗೆಯ ಕೋಣೆಯಲ್ಲಿ ನಾಲ್ವರು ಮಲಗುವ ನಮ್ಮಂಥವರು ಮಾಡುವುದೇನು? ನಾವು ಕೊನೆಗೆ ಕಂಡುಕೊಂಡ ದಾರಿ ಇದು. ಇಂಧನ ತಾಗುವುದು ಇಡೀ ವಿಮಾನಕ್ಕಲ್ಲ. ಇಂಜಿನಿನ ಹಲಗೆ, ಇಂಧನದ ತೊಟ್ಟಿಯ ಗೂಡು, ಹೊಗೆ ಹಾಯುವ ಹೊಟ್ಟೆಯ ಭಾಗ, ರೆಕ್ಕೆ ಕೂರುವ ಜಾಗ, ಇಷ್ಟಕ್ಕೆ ಮುಖ್ಯವಾಗಿ. ಅಷ್ಟಕ್ಕೆ ಮಾತ್ರ ಎಪಾಕ್ಸಿಯನ್ನು ತೆಳ್ಳಗೆ ಎರಡು ಸಲ ಕುಂಚದಿಂದ ಬಳಿಯಿರಿ. ಕೈಗೆ ರಬ್ಬರ್ ಚೀಲ ಇರಲಿ, ಏಕೆಂದರೆ ಚರ್ಮಕ್ಕೆ ತಗುಲಿದರೆ ತುರಿ ಬರುವುದುಂಟು. ಬಾಗಿಲು ಕಿಟಕಿ ತೆರೆದಿರಲಿ, ಒಲೆ ಆರಿರಲಿ. ರೆಕ್ಕೆಗೆ ಇಸ್ತ್ರಿಯ ಬಿಸಿಗೆ ಅಂಟುವ ಪಾಲಿಯೆಸ್ಟರ್ ಹಾಳೆ ಹೊದಿಸಿದರೆ ಅದಕ್ಕೆ ಬೇರೆ ಮೆರುಗೇ ಬೇಡ. ಅಂಚುಗಳನ್ನು ಮಾತ್ರ ಭದ್ರಪಡಿಸಿರಿ. ಕಾರಿನಂಥ ಹೊಳಪೇ ಬೇಕೆಂದರೆ ತಕ್ಕ ಕೋಣೆ, ಮುಖವಾಡ ಇರುವ ಬಣ್ಣದ ಅಂಗಡಿಗೆ ಕೊಡಿ. ಕೋಣೆಯಲ್ಲಿ ಸಿಂಪಡಿಸಬೇಡಿ. ಮೆಥನಾಲಿನ ಬಾಟಲಿಗೆ ವಿಷವೆಂದು ಬರೆದು ಬೀಗದಲ್ಲಿಡಿ. ಅದನ್ನು ಕುಡಿದರೆ ಕಣ್ಣೂ ಹೋದೀತು, ಪ್ರಾಣವೂ ಹೋದೀತು. ಅದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ.

ನಮ್ಮ ಎರಡನೆಯ ವಿಮಾನ ಮೊದಲನೆಯದರಷ್ಟು ಹೊಳೆಯುವುದಿಲ್ಲ. ಮೂಗಿನ ಬಳಿ ಎಪಾಕ್ಸಿ ಸ್ವಲ್ಪ ಹಳದಿ ತಿರುಗಿದೆ. ಆದರೆ ಎರಡು ಮಳೆಗಾಲ ಕಳೆದರೂ ಇಂಜಿನು ಬಿಟ್ಟ ಜಾಗದಲ್ಲಿಯೇ ಕೂತಿದೆ, ನಮ್ಮ ನಾಲ್ವರ ಎದೆಯೂ ಹಗುರವಾಗಿದೆ. ಹೊಳಪನ್ನು ನೋಡಿ ಕೊಳ್ಳಬೇಡಿ. ಅದು ಏನನ್ನು ತಡೆಯಬೇಕು, ಬಳಿಯುವವನು ಏನನ್ನು ಉಸಿರಾಡಬೇಕು ಎಂಬುದನ್ನು ನೋಡಿ ಕೊಳ್ಳಿ. ನಮ್ಮ ಪರೀಕ್ಷೆಯ ತುಂಡು ಮರಗಳನ್ನು ಮೇಜಿನ ಮೇಲೆ ಇಟ್ಟಿದ್ದೇವೆ. ಆಸಕ್ತರು ಉಗುರು ಒತ್ತಿ ನೋಡಬಹುದು.