ವಿಎಂ ಒಳಗಿಂದ ಡಿಸ್ಕಿನ ಕಾಯಿಲೆ ಕಾಣಲ್ಲ

ನಾನು ಓದಿದ್ದು ಬಿಕಾಂ. ನೆಟ್‌ವರ್ಕಿಂಗ್ ಕಲಿತಿದ್ದು ಮನೇಲಿ, ಹಳೇ ಡೆಸ್ಕ್‌ಟಾಪ್‌ಗೆ ಪ್ರಾಕ್ಸ್‌ಮಾಕ್ಸ್ ಹಾಕಿಕೊಂಡು. ಮೊದಲ ದಿನವೇ ಎಡವಟ್ಟು. ಟೆಸ್ಟ್ ಡಿಎಚ್‌ಸಿಪಿ ಸರ್ವರನ್ನು ಮನೆ ರೌಟರಿಗೆ ಹೋಗೋ ಬ್ರಿಡ್ಜ್‌ಗೇ ಸೇರಿಸಿಬಿಟ್ಟೆ. ಅದು ಎಲ್ಲರ ಫೋನಿಗೂ ತಪ್ಪು ಐಪಿ ಹಂಚಿತು, ಅಮ್ಮನ ಸೀರಿಯಲ್ ನಿಂತಿತು. ಬೈಗುಳ ಬೇರೆ! ಫಿಸಿಕಲ್ ಪೋರ್ಟ್ ಕೊಡದೆ ಇನ್ನೊಂದು ಬ್ರಿಡ್ಜ್ ಮಾಡಿದ್ದರೆ ಟೆಸ್ಟ್ ನೆಟ್‌ವರ್ಕ್ ಡಬ್ಬದೊಳಗೇ ಇರ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಹಾರ್ಡ್‌ಡಿಸ್ಕಿನಿಂದ. ವಿಎಂ ಒಳಗೆ ನೋಡಿದರೆ ಎಲ್ಲ ಸರಿಯಿತ್ತು, ಯಾಕಂದ್ರೆ ಅದಕ್ಕೆ ಕಾಣೋದು ವರ್ಚುವಲ್ ಡಿಸ್ಕ್ ಮಾತ್ರ. ಹೋಸ್ಟ್‌ನಲ್ಲೇ ಸ್ಮಾರ್ಟ್‌ಸಿಟಿಎಲ್ ಓಡಿಸಿದಾಗ 197ನೇ ನಂಬರಿನ ಸಾಲು, ಅಂದ್ರೆ ಓದೋಕಾಗದೆ ಬಾಕಿ ಉಳಿದ ಸೆಕ್ಟರ್‌ಗಳು, 8 ತೋರಿಸ್ತು. ಸೊನ್ನೆ ಇರಬೇಕಿತ್ತು. ಅಷ್ಟರಲ್ಲಿ ಎರಡು ಎಪಿಸೋಡಿನ ಆಡಿಯೊ ಹೋಗಿತ್ತು. ಈಗ ದಿನಾ ಬೆಳಿಗ್ಗೆ ಆ ಸಂಖ್ಯೆ ನನ್ನ ಫೋನಿಗೆ ಬರುತ್ತೆ, ಕಾಫಿಗಿಂತ ಮುಂಚೆ.