ಕಿವಿ ಬಲ್ಲ ಕನ್ನಡವೂ ಕಣ್ಣು ತಡವರಿಸುವ ಅಕ್ಷರವೂ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಲೆಗಳಿಂದ ಬಂದು ಇಲ್ಲಿ ನೆರೆದಿರುವ ಅಧ್ಯಾಪಕರಾದ ನೀವೆಲ್ಲರೂ ಒಬ್ಬ ಬಾಲಕನನ್ನು ಬಲ್ಲಿರಿ. ಕ ಕಾ ಕಿ ಕೀ ಎಂದು ಕಾಗುಣಿತವನ್ನು ನಿರರ್ಗಳವಾಗಿ ಒಪ್ಪಿಸುವ, ಎತ್ತಿನ ವಯಸ್ಸನ್ನೂ ಜಾತ್ರೆಯ ದಿನವನ್ನೂ ತಪ್ಪಿಲ್ಲದೆ ಹೇಳುವ ಆ ಹುಡುಗನು, ಅದೇ ಕಾಗುಣಿತದ ಒಂದಕ್ಷರವನ್ನು ಬಿಡಿಯಾಗಿ ಬರೆದು ಇದಾವುದೆಂದು ಕೇಳಿದೊಡನೆ ತಲೆತಗ್ಗಿಸುತ್ತಾನೆ. ಅಂಥವನನ್ನು ದಡ್ಡನೆಂದು ಕರೆದು ಹಿಂದಿನ ಸಾಲಿಗೆ ನೂಕಿದ ತಪ್ಪಿನಲ್ಲಿ ನನಗೂ ಪಾಲಿದೆಯೆಂಬ ವ್ಯಥೆಯಿಂದಲೇ ಈ ಮಾತುಗಳನ್ನು ಆಡುತ್ತಿದ್ದೇನೆ.

ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಇದೇ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದಾಗ, ಅಕ್ಷರವನ್ನರಿಯದ ನಾಲಗೆಯಲ್ಲಿ ಎಂಥ ಭಾಷಾಸಂಪತ್ತು ನೆಲೆಸಿರಬಲ್ಲದೆಂಬುದು ಪಂಡಿತರಿಗೂ ಮನದಟ್ಟಾಯಿತು. ಮಾತು ಬಲ್ಲವನಿಗೂ ಓದು ಬಾರದಿರಬಹುದೆಂಬುದನ್ನು ವೈದ್ಯರು ಅದಕ್ಕೂ ಮೊದಲೇ ಕಂಡಿದ್ದರು: 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು ಓದಲು ಬಾರದ 14 ವರ್ಷದ ಬುದ್ಧಿವಂತ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಅವನು ಜಾಣನಾಗುತ್ತಿದ್ದನೆಂಬುದು ಅವನ ಉಪಾಧ್ಯಾಯನ ಅಭಿಪ್ರಾಯವಾಗಿತ್ತು. ನಾವಿಂದು ಡಿಸ್ಲೆಕ್ಸಿಯಾ ಎನ್ನುವ ಈ ತೊಡಕು ಬುದ್ಧಿಯ ಕೊರತೆಯಲ್ಲ. ಧ್ವನಿಗೂ ಲಿಪಿಗೂ ಗಂಟು ಹಾಕುವಲ್ಲಿ ಉಂಟಾಗುವ ಕ್ಲೇಶ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತಾನು ಮಾನ್ಯ ಮಾಡಿದ 21 ವಿಧದ ವೈಕಲ್ಯಗಳಲ್ಲಿ ಒಂದೆಂದು ಅಂಗೀಕರಿಸಿದೆ.

ಕನ್ನಡವು ನುಡಿದಂತೆ ಬರೆಯುವ ಭಾಷೆಯಾದುದರಿಂದ ನಮ್ಮ ಮಕ್ಕಳಿಗೆ ಈ ಕಷ್ಟವಿಲ್ಲವೆಂಬ ಸಮಾಧಾನ ಸಲ್ಲದು. ವ್ಯಂಜನ, ಗುಣಿತ, ಒತ್ತುಗಳು ಸೇರಿ ನಮ್ಮ ಲಿಪಿಯ ರೂಪಗಳು ನೂರಾರು. ಸಾಮಾನ್ಯ ಮಗುವಿಗೂ ಇವೆಲ್ಲ ವಶವಾಗಲು ಮೂರು ನಾಲ್ಕು ವರುಷಗಳು ಹಿಡಿಯುತ್ತವೆಂಬುದನ್ನು ಸಂಶೋಧಕಿ ಸೊನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ‘ಧರ್ಮ’ ಎಂಬ ಪದವನ್ನೇ ನೋಡಿರಿ: ಕಿವಿಗೆ ಮೊದಲು ಬೀಳುವ ರಕಾರವು ಅರ್ಕಾವೊತ್ತಾಗಿ ಮಕಾರದ ಬಲಕ್ಕೆ ಹೋಗಿ ಕುಳಿತಿದೆ. ಮನೆಯಲ್ಲಿ ‘ಮನ್ಯಾಗ’ ಎನ್ನುವ ಮಗು ಪುಸ್ತಕದಲ್ಲಿ ‘ಮನೆಯಲ್ಲಿ’ ಎಂಬುದನ್ನು ಎದುರಿಸಬೇಕು. ಆದುದರಿಂದ ಇಂಗ್ಲಿಷಿಗಾಗಿ ರಚಿತವಾದ ಪಾಠಕ್ರಮವನ್ನು ಭಾಷಾಂತರಿಸಿಕೊಂಡರೆ ಸಾಲದು.

ಆರ್ಟನ್ ಮತ್ತು ಗಿಲಿಂಗ್ಹ್ಯಾಮ್ ಎಂಬವರು ಇಂಥ ಮಕ್ಕಳಿಗಾಗಿ ಅಮೆರಿಕದಲ್ಲಿ ರೂಪಿಸಿದ ಪದ್ಧತಿಯಿಂದ ನಾವು ಪಡೆಯಬಹುದಾದ ಸಾರವೆಂದರೆ, ಕಣ್ಣು, ಕಿವಿ, ಬಾಯಿ, ಕೈಗಳು ಏಕಕಾಲಕ್ಕೆ ಅಕ್ಷರವನ್ನು ಹಿಡಿಯಬೇಕು, ಹಿಂದಿನದು ಗಟ್ಟಿಯಾಗದೆ ಮುಂದಿನದಕ್ಕೆ ಅಡಿಯಿಡಬಾರದು ಎಂಬುದೇ. ನಮ್ಮ ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಉಚ್ಚರಿಸುತ್ತ, ಅಕ್ಷರ ತಿದ್ದುತ್ತಿದ್ದರು. ಆ ಮರಳನ್ನು ಮರಳಿ ತರೋಣ, ಅಲ್ಲಿನ ಬೆತ್ತವನ್ನಲ್ಲ. ವರ್ಣಮಾಲೆಯ ಅನುಕ್ರಮವನ್ನು ಕೆಲಕಾಲ ಬದಿಗಿರಿಸಿ, ಆಕಾರದಲ್ಲಿ ಒಂದನ್ನೊಂದು ಹೋಲದ ನಾಲ್ಕೈದು ಅಕ್ಷರಗಳಿಂದ ತೊಡಗಿ, ಅವುಗಳಿಂದಲೇ ಮಗುವಿನ ಊರಿನ ಮಾತುಗಳನ್ನು ಕಟ್ಟಿಸಿ, ಪ ಷ ಗಳನ್ನೂ ಬ ಭ ಗಳನ್ನೂ ಬೇರೆ ಬೇರೆ ವಾರಗಳಿಗೆ ದೂರವಿಟ್ಟು, ಒತ್ತಕ್ಷರಗಳನ್ನು ಕಡೆಯಲ್ಲಿ ತಂದು, ದಿನವೂ ಅರ್ಧ ಗಂಟೆ, ಒಂದು ದಿನವೂ ತಪ್ಪದಂತೆ ನಡೆಸಬೇಕು. ಗುಣಿತವನ್ನು ಅಡ್ಡಾದಿಡ್ಡಿಯಾಗಿ ಕೇಳಿದಾಗಲಷ್ಟೇ ಬಾಯಿಪಾಠಕ್ಕೂ ಓದಿಗೂ ಇರುವ ಅಂತರ ಗೋಚರಿಸುವುದು.

ಇನ್ನೊಂದು ವಿವೇಚನೆಯೂ ಅವಶ್ಯಕ. ತಂದೆತಾಯಿಗಳೊಡನೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆಯಿಂದ ದೂರವಿದ್ದ ಮಗುವಿನ ತಡವರಿಕೆಯೂ, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿನ ಸಂಕೋಚವೂ ಡಿಸ್ಲೆಕ್ಸಿಯಾ ಅಲ್ಲ. ಆದರೆ ಅಂಥ ಮಕ್ಕಳಲ್ಲಿಯೂ ಡಿಸ್ಲೆಕ್ಸಿಯಾ ಅಡಗಿರಬಹುದು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ಅದನ್ನು ಗುರುತಿಸಲೆಂದು ಸಿದ್ಧಪಡಿಸಿದ ‘ಡಾಲಿ’ ಎಂಬ ಪರೀಕ್ಷಾಸಾಧನವು ಕನ್ನಡದಲ್ಲಿಯೂ ಇದೆ. ಅದನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾರು ಕಲಿಯುವರು, ಆ ಅರ್ಧ ಗಂಟೆಯನ್ನು ವೇಳಾಪಟ್ಟಿಯ ಯಾವ ಅವಧಿಯಿಂದ ತೆಗೆಯುವುದು, ಗುಳೆಯಿಂದ ಮರಳಿದ ಮಗುವಿಗೆ ಬಿಟ್ಟ ಪಾಠ ಎಲ್ಲಿಂದ ಮೊದಲಾಗಬೇಕು, ಇವನ್ನು ಇಂದಿನ ಮೊದಲ ಗೋಷ್ಠಿಯಲ್ಲಿಯೇ ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.